ಕಡಿಮೆ ಓಡಿದ ಬೈಕಿಗೂ ವಯಸ್ಸಾಗುತ್ತದೆ

ಮಾನ್ಯರೇ,

350 ಸಿಸಿ ಮೀರಿದ ಬೈಕುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 40ಕ್ಕೆ ಏರಿರುವುದರಿಂದ, 650 ಸಿಸಿ ಆಸುಪಾಸಿನ ಸ್ಪೋರ್ಟ್ ಬೈಕಿನ ಆಸೆಯುಳ್ಳ ಚಿಕ್ಕಬಳ್ಳಾಪುರದ ಯುವಕರ ಕಣ್ಣು ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯ ಮೇಲೆ ಬಿದ್ದರೆ ಆಶ್ಚರ್ಯವಿಲ್ಲ. ಅಲ್ಲಿ ಎಲ್ಲಕ್ಕಿಂತ ಮೊದಲು ಕಿವಿಗೆ ಬೀಳುವುದು ‘ಗಾಡಿ ಕಡಿಮೆ ಓಡಿದೆ’ ಎಂಬ ಮಾತು. ಅದು ನಿಜವೇ ಇದ್ದರೂ ಅಷ್ಟರಿಂದ ನಿಶ್ಚಿಂತರಾಗುವಂತಿಲ್ಲ. ಭಾನುವಾರ ಬೆಳಿಗ್ಗೆ ನಂದಿಬೆಟ್ಟಕ್ಕೆ ಬಂದು ಹೋಗಿ, ಉಳಿದ ದಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಲ್ಲುವ ಬೈಕಿನ ಅನೇಕ ಭಾಗಗಳು ನಿಂತಲ್ಲೇ ಹಾಳಾಗುತ್ತವೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಸೇರಿದಾಗ ಅದೇ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಸುಮಾರು ಇನ್ನೂರು ಕೆ.ಜಿ. ತೂಕದ ಬೈಕನ್ನು ಬೆಟ್ಟದ ತಿರುವುಗಳಲ್ಲಿ ಬ್ರೇಕ್ ಹಿಡಿದುಕೊಂಡೇ ಇಳಿಸುವಾಗ ಹಳೆಯ ಆಯಿಲ್ ಕುದಿದು ಆವಿಯಾದರೆ, ಲಿವರ್ ಒತ್ತಿದರೂ ಬ್ರೇಕ್ ಹಿಡಿಯದು. ಆದ್ದರಿಂದಲೇ ಎಷ್ಟೇ ಕಡಿಮೆ ಓಡಿದ್ದರೂ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಟೈರಿನ ಕಥೆಯೂ ಹೀಗೆಯೇ. ಅಚ್ಚು ಸವೆಯದಿದ್ದರೂ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಟೈರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ ಅದು 2019ರ ಇಪ್ಪತ್ಮೂರನೆಯ ವಾರದ ಟೈರು. ಬಣ್ಣ, ಸ್ಟಿಕ್ಕರ್, ಸೈಲೆನ್ಸರಿನ ಸದ್ದನ್ನು ಅರ್ಧ ಗಂಟೆ ಪರೀಕ್ಷಿಸುವವರು ಈ ಅಂಕಿಯನ್ನು ಮಾತ್ರ ನೋಡುವುದಿಲ್ಲ.

ನಮ್ಮ ಊರಿಗೆ ಬಂದ ಮೇಲಿನ ಕಷ್ಟ ಬೇರೆ ಬಗೆಯದು. ಜಲ್ಲಿ, ಎಂ-ಸ್ಯಾಂಡ್ ತುಂಬಿದ ಟಿಪ್ಪರುಗಳು ಓಡಾಡುವ ರಸ್ತೆಗಳ ದೂಳು ಚೈನಿಗೆ ಅಂಟಿ ಅದನ್ನು ಅರೆಯುತ್ತದೆ, ರೇಡಿಯೇಟರಿನ ಸಂದುಗಳನ್ನು ಮುಚ್ಚುತ್ತದೆ. ಚೈನನ್ನು ಪೆಟ್ರೋಲಿನಲ್ಲಿ ತೊಳೆದರೆ ಕೊಂಡಿಗಳೊಳಗಿನ ರಬ್ಬರ್ ಬಳೆಗಳು ಹಾಳಾಗುತ್ತವೆ. ಸೀಮೆಎಣ್ಣೆ ಇಲ್ಲವೇ ಅದಕ್ಕೆಂದೇ ಸಿಗುವ ಕ್ಲೀನರ್ ಬಳಸಿ, ಒರೆಸಿ, ಲೂಬ್ ಹಾಕಬೇಕು. ಎಂಜಿನ್ನಿಗೆ ಕಾರಿನ ಆಯಿಲ್ ಹಾಕಿಸುವ ಉಳಿತಾಯವೂ ದುಬಾರಿಯೇ, ಏಕೆಂದರೆ ಈ ಬೈಕುಗಳ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿ ಕೆಲಸ ಮಾಡುವಂಥದ್ದು, ತಪ್ಪು ಆಯಿಲ್‌ಗೆ ಜಾರತೊಡಗುತ್ತದೆ.

ಖಾಸಗಿ ಬೈಕಿನ ನೋಂದಣಿಗೆ 15 ವರ್ಷಗಳ ಅವಧಿಯಿದ್ದು, ನವೀಕರಣದ ಹೊತ್ತಿಗಷ್ಟೇ ಅದರ ಸುಸ್ಥಿತಿಯ ಪ್ರಶ್ನೆ ಏಳುತ್ತದೆ. ನಡುವೆ ಮಾಲೀಕರು ಬದಲಾದಾಗ ಫಾರಂ 29 ಮತ್ತು 30, ವಿಮೆ, ಹೊಗೆ ತಪಾಸಣೆಯ ಪತ್ರಗಳನ್ನು ಕೇಳುವ ವ್ಯವಸ್ಥೆ, ಟೈರ್ ಯಾವ ವರ್ಷದ್ದು, ಬ್ರೇಕ್ ಆಯಿಲ್ ಯಾವಾಗ ಬದಲಾಯಿತು ಎಂದು ಕೇಳುವುದಿಲ್ಲ. 350 ಸಿಸಿ ಮೀರಿದ ಬೈಕುಗಳ ಮಟ್ಟಿಗಾದರೂ, ಈ ಎರಡು ವಿವರಗಳನ್ನು ಮಾರುವವರು ಸಹಿ ಮಾಡಿ ಕೊಡುವುದನ್ನು ಸಾರಿಗೆ ಇಲಾಖೆ ವರ್ಗಾವಣೆಯ ವೇಳೆ ಕಡ್ಡಾಯಗೊಳಿಸಬೇಕು. ಅಲ್ಲಿಯವರೆಗೆ, ಹೊಸ ಬೈಕುಗಳ ವೇಗ, ಅಶ್ವಶಕ್ತಿಗಳನ್ನು ಬಣ್ಣಿಸುವ ತಮ್ಮ ವಾಹನ ಪುಟದಲ್ಲಿ ಹಳೆಯ ಬೈಕು ಕೊಳ್ಳುವವರು ಏನೇನು ನೋಡಬೇಕೆಂಬುದಕ್ಕೂ ಒಂದಿಷ್ಟು ಜಾಗ ಸಿಗಲಿ.

— ಓರ್ವ ಓದುಗ, ಚಿಕ್ಕಬಳ್ಳಾಪುರ