ಬೆಳಕಿಂಡಿ ಮುಚ್ಚಬೇಡಿ

ಫ್ಲಾರೆನ್ಸ್, ಇಟಲಿ, ಡಿಸೆಂಬರ್ 8

ಅವ್ವಾ, ಶರಣು.

ನಾನು ಆರಾಮ ಇದ್ದೇನೆ. ಚಳಿಗೆ ಬೆರಳು ಸೆಟೆಯುತ್ತವೆ, ಅಷ್ಟೇ. ಯುಗಾದಿಯೊಳಗೆ ಮಾಳಿಗೆ ಕಿತ್ತು ಸ್ಲ್ಯಾಬ್ ಹಾಕಿಸುತ್ತೇನೆ ಎಂದು ಅಣ್ಣ ಫೋನಿನಲ್ಲಿ ಹೇಳಿದ. ಹಾಗೆ ಮಾಡಿದರೆ ಮಾಳಿಗೆಯ ಬೆಳಕಿಂಡಿ ಮುಚ್ಚಿಹೋಗುತ್ತದೆ. ಅದಕ್ಕೇ ಈ ಪತ್ರ.

ನಮ್ಮ ಚಿತ್ರಶಾಲೆಯ ದೊಡ್ಡ ಕಿಟಕಿ ಉತ್ತರಕ್ಕಿದೆ. ಇಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ಹಾಗಾಗಿ ಕಿಟಕಿಯಿಂದ ಬರುವುದು ಬಿಸಿಲಲ್ಲ, ಬರೀ ಆಕಾಶದ ಬೆಳಕು. ಬೆಳಿಗ್ಗೆ ಬಿದ್ದ ನೆರಳು ಮಧ್ಯಾಹ್ನವೂ ಹೆಚ್ಚುಕಡಿಮೆ ಅಲ್ಲೇ. ಲೈಟು ಹಚ್ಚುವಂತಿಲ್ಲ. ಈಗಂತೂ ನಾಲ್ಕಕ್ಕೇ ಮಬ್ಬು, ಕುಂಚ ತೊಳೆದು ಎದ್ದುಬಿಡುತ್ತೇವೆ.

ಮೂರು ವಾರ ಒಂದೇ ತಾಮ್ರದ ತಂಬಿಗೆ ಬರೆದೆ. ಕೆಳಗೆ ಹಾಸಿದ್ದು ನೀನು ಕೊಟ್ಟ ಇಳಕಲ್ ಸೀರೆ. ಬೈಯಬೇಡ, ಬಣ್ಣ ಸಿಡಿದಿಲ್ಲ! ತಂಬಿಗೆಯ ಹೊಟ್ಟೆಯ ಕೆಳಗೆ ಸೆರಗಿನ ಕೆಂಪು ಇಳಿದಿತ್ತು. ಅದು ಕಣ್ಣಿಗೆ ಬೀಳಲು ಹತ್ತು ದಿನ ಬೇಕಾಯಿತು. ಅಷ್ಟರಲ್ಲಿ ಪಕ್ಕದ ನಿಂಬೆಹಣ್ಣು ಎರಡು ಸಲ ಬದಲಾಗಿತ್ತು.

ಈಗ ಮುಖ. ಒಬ್ಬ ಅಜ್ಜ ಬಂದು ಕೂರುತ್ತಾರೆ. 20 ನಿಮಿಷ ಅಲುಗಾಡುವಂತಿಲ್ಲ, ಆಮೇಲೆ 5 ನಿಮಿಷ ಬಿಡುವು. ಮತ್ತೆ ಅದೇ ಜಾಗಕ್ಕೆ ಬರಲಿ ಅಂತ ಅವರ ಪಾದದ ಸುತ್ತ ಟೇಪ್ ಅಂಟಿಸಿರುತ್ತೇವೆ. ಚಿತ್ರ ಅವರ ಪಕ್ಕದಲ್ಲೇ ಇರುತ್ತದೆ. ನಾನು ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ಎರಡನ್ನೂ ಒಟ್ಟಿಗೆ ನೋಡಬೇಕು. ಮುಂದೆ ಹೋಗಿ ಒಂದು ಗೆರೆ, ಮತ್ತೆ ಹಿಂದೆ. ಗೌಂಡಿ ಗೋಡೆ ನೋಡುವ ಹಾಗೆ ದಾರಕ್ಕೆ ಗುಂಡು ಕಟ್ಟಿ ಅಜ್ಜನ ಮೂಗು ನೋಡುತ್ತೇನೆ. ಸಂಜೆಗೆ ಕಾಲು ಸೋಲುತ್ತವೆ.

ಒಂದು ಗೊತ್ತಾಯಿತು. ಅಪ್ಪನ ಚಿತ್ರವನ್ನು ಫೋಟೋ ನೋಡಿ ಬರೆದೆನಲ್ಲ, ಅದರಲ್ಲಿ ನೆರಳೆಲ್ಲ ಸುಮ್ನೆ ಕಪ್ಪು. ಈ ಅಜ್ಜನ ಗದ್ದದ ಕೆಳಗೆ ಹಸಿರೂ ಇದೆ, ಕೆಂಪೂ ಇದೆ.

ನೀನು ಬೆಳಕಿಂಡಿಯ ಕೆಳಗೆ ಜೋಳ ಹಸನು ಮಾಡುತ್ತಾ ಕೂರುತ್ತೀಯಲ್ಲ, ಹಣೆ, ಮೂಗು, ಬೆರಳಿಗೆ ಮಾತ್ರ ಬೆಳಕು. ಅದನ್ನು ಎದುರಿಗೆ ಕೂತು ಬರೆಯಬೇಕು. ರಜೆ ಸಿಗುವುದು ಜೂನ್‌ನಲ್ಲಿ. ಆಗ ನಮ್ಮೂರಲ್ಲಿ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ, ಉತ್ತರದ ಕಿಟಕಿಯನ್ನೂ ನಂಬುವಂತಿಲ್ಲ. ಬೆಳಕಿಂಡಿಗೆ ಅಪ್ಪನ ಬಿಳಿ ಧೋತ್ರ ಕಟ್ಟೋಣ. ಬಿಸಿಲು ಸೋಸಿ ಮೆತ್ತಗೆ ಇಳಿಯುತ್ತದೆ. ಟ್ರಂಕಿನಲ್ಲಿ ಇದೆಯಲ್ವಾ?

ಮಳೆಗಾಲದಲ್ಲಿ ಸ್ಲ್ಯಾಬ್ ಆಗಲ್ಲ ಅಂತ ಅಣ್ಣ ಗೊಣಗುತ್ತಾನೆ. ದಸರೆಗೆ ಹಾಕಿಸಲಿ. ಬೆಳಕಿಂಡಿಯ ಜಾಗದಲ್ಲಿ ಗಾಜು ಕೂಡಿಸಲಿ, ಆ ಖರ್ಚು ನನ್ನದು.

ನೀನು ಈಗಿನಿಂದಲೇ 20 ನಿಮಿಷ ಮಾತಾಡದೆ ಕೂರುವುದು ರೂಢಿ ಮಾಡಿಕೋ. ಕಷ್ಟ, ಗೊತ್ತು.

ನಿನ್ನ ಮಗಳು