ಪುಟ್ಟನಿಗೆ, ಆ ಇನ್ನೂರು ಚಿಲ್ಲರೆ ಸಾಲುಗಳ ಬಗ್ಗೆ

ಶಿವಮೊಗ್ಗ
ಭಾನುವಾರ ರಾತ್ರಿ

ಚಿರಂಜೀವಿ ಪುಟ್ಟನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ಅರ್ಜಿಗಳ ಮಾಹಿತಿಯನ್ನೆಲ್ಲ ಹಳೇ ಮೈಎಸ್‌ಕ್ಯೂಎಲ್ ಡೇಟಾಬೇಸಿನಿಂದ ಹೊಸ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಸಾಗಿಸುವ ಕೆಲಸದ ಬಗ್ಗೆ ಬರೆದಿದ್ದೀಯಲ್ಲ, ಆ ಪತ್ರದ ಕೊನೆಯಲ್ಲಿ ಒಂದು ಮಾತಿದೆ. "ಎರರ್ ಬಂದ ಸಾಲು ಬಿಟ್ಟು ಮುಂದಕ್ಕೆ ಹೋಗೋ ಹಾಗೆ ಸ್ಕ್ರಿಪ್ಟ್ ಬದಲಾಯಿಸಿದೀನಿ ದೊಡ್ಡಮ್ಮ, 40 ಸಾವಿರದಲ್ಲಿ ಇನ್ನೂರು ಚಿಲ್ಲರೆ ಅಷ್ಟೆ, ಯಾರಿಗೂ ಗೊತ್ತಾಗಲ್ಲ ಅಲ್ವಾ?" ಆ "ಅಲ್ವಾ" ಓದಿದಾಗಿನಿಂದ ನನಗೆ ನೆಮ್ಮದಿ ಇಲ್ಲ. ಗೊತ್ತಾಗುವುದಿಲ್ಲ ಅಂತ ನಿನಗೇ ನಂಬಿಕೆ ಇದ್ದಿದ್ದರೆ ನನ್ನನ್ನು ಕೇಳುತ್ತಿರಲಿಲ್ಲ ನೀನು.

ನಿನಗೆ ಹೇಳದೇ ಇದ್ದ ಒಂದು ಸಂಗತಿ ಇದೆ. 1998ರಲ್ಲಿ ನಾನಿದ್ದ ಕಚೇರಿಯಲ್ಲಿ ವಿಧವಾ ವೇತನದ ಕಡತವನ್ನು ಫಾಕ್ಸ್‌ಪ್ರೊದಿಂದ ಒರ್‍ಯಾಕಲ್‌ಗೆ ಹಾಕಬೇಕಿತ್ತು, ಎರಡೂ ಮಾಹಿತಿ ಇಡುವ ಡೇಟಾಬೇಸ್‌ಗಳೇ. ಅದಕ್ಕೆ ಎಸ್‌ಕ್ಯೂಎಲ್ ಲೋಡರ್ ಎಂಬ ಸಲಕರಣೆ ಇತ್ತು, ಈಗಲೂ ಇದೆ. ನಾವಾಗಿ ಏನೂ ಹೇಳದಿದ್ದರೆ 50 ತಪ್ಪಿನವರೆಗೆ ಸಹಿಸುತ್ತದೆ, ಅದು ಮೀರಿದರೆ ನಿಂತುಬಿಡುತ್ತದೆ. ಮೂರು ಸಲ ನಿಂತಿತು. ನಾಲ್ಕನೇ ಸಲ ನಾನು ಆ 50 ಇದ್ದಲ್ಲಿ 9999 ಅಂತ ಬರೆದೆ. ಸರಸರ ಓಡಿತು. ಬಿಟ್ಟುಹೋದ ಸಾಲುಗಳನ್ನು ಅದು ಬ್ಯಾಡ್ ಫೈಲ್ ಅಂತ ಬೇರೆ ಕಡತದಲ್ಲಿ ಬರೆದಿಡುತ್ತದೆ. ನಾನು ಅದನ್ನು ತೆರೆದು ನೋಡಲಿಲ್ಲ. ಮರುದಿನ ಆಫೀಸಿನಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದೆವು.

ಮುಂದಿನ ತಿಂಗಳು ತೀರ್ಥಹಳ್ಳಿ ಕಡೆಯಿಂದ ಒಬ್ಬ ಅಜ್ಜಿ ಬಂದರು, ಮನಿಯಾರ್ಡರ್ ಬಂದಿಲ್ಲ ಅಂತ. ಗುಮಾಸ್ತರು "ಕಂಪ್ಯೂಟರಲ್ಲಿ ನಿನ್ನ ಹೆಸರೇ ಇಲ್ಲವಲ್ಲಮ್ಮ" ಅಂದರು. ಅಜ್ಜಿ ಬಟ್ಟೆಗಂಟು ಬಿಚ್ಚಿ ಹಳೇ ಎಂಒ ಚೀಟಿಗಳನ್ನೆಲ್ಲ ಕೌಂಟರಿನ ಮೇಲೆ ಸಾಲಾಗಿ ಜೋಡಿಸಿದರು. ಹಾಗೆ ಮೂರು ಸಲ ಬಂದರು, ಮೂರು ಸಲವೂ ಬಸ್‌ಚಾರ್ಜ್ ಕೊಟ್ಟುಕೊಂಡು. ಮೂರನೇ ಸಲ ನನಗೆ ತಡೆಯಲಾಗದೆ ಬ್ಯಾಡ್ ಫೈಲ್ ತೆರೆದೆ. ಅವರ ಹೆಸರು ಅಲ್ಲಿತ್ತು. ಹುಟ್ಟಿದ ದಿನಾಂಕದ ಜಾಗ ಖಾಲಿ. ಅರ್ಜಿಯಲ್ಲಿ "ತಿಳಿದಿಲ್ಲ" ಅಂತ ಬರೆದಿದ್ದರು, ಫಾಕ್ಸ್‌ಪ್ರೊ ಖಾಲಿ ದಿನಾಂಕ ಒಪ್ಪುತ್ತಿತ್ತು, ನಾವು ಬರೆದ ಲೋಡಿಂಗ್ ನಿಯಮ ಒಪ್ಪಲಿಲ್ಲ. ಆ ಕಡತದ ತುಂಬ ಅಂಥವರೇ. ಹುಟ್ಟಿದ ದಿನ ಯಾರೂ ಬರೆದಿಡದ ಮುದುಕಿಯರು.

ಅದಕ್ಕೇ ನಿನ್ನ ಇನ್ನೂರು ಚಿಲ್ಲರೆ ನನ್ನನ್ನು ಹೀಗೆ ಕಾಡುತ್ತಿರುವುದು. ಅವು 40 ಸಾವಿರದಲ್ಲಿ ಎಲ್ಲೆಲ್ಲೋ ಚದುರಿದ ಸಾಲುಗಳಲ್ಲ ಮಗಾ. ನೀನು ಕಳಿಸಿದ ಎರಡು ಎರರ್ ನೋಡಿದೆ. ಒಂದರಲ್ಲಿ ದಿನಾಂಕದ ಜಾಗದಲ್ಲಿ ಬರೀ ಸೊನ್ನೆಗಳು. ಹಳೇ ಮೈಎಸ್‌ಕ್ಯೂಎಲ್ ಅದನ್ನು ನುಂಗಿಕೊಳ್ಳುತ್ತಿತ್ತು, ಪೋಸ್ಟ್‌ಗ್ರೆಸ್‌ಗೆ ಸೊನ್ನೆ ತಿಂಗಳು, ಸೊನ್ನೆ ತಾರೀಕು ಅನ್ನುವುದೇ ಇಲ್ಲ. ಇನ್ನೊಂದು "ಇನ್‌ವ್ಯಾಲಿಡ್ ಬೈಟ್ ಸೀಕ್ವೆನ್ಸ್", ಅಂದರೆ ಅಕ್ಷರವಾಗಿ ಓದಲಾಗದ ಬೈಟುಗಳು. ಅದನ್ನು ಕಾಗದದ ಮೇಲೆ ಬಿಡಿಸಿ ನೋಡಿದೆ. ನಿಮ್ಮ ಹೆಸರಿನ ಕಾಲಂ ಲ್ಯಾಟಿನ್1 (ಒಂದು ಅಕ್ಷರಕ್ಕೆ ಒಂದೇ ಬೈಟು ಎಣಿಸುವ ಹಳೇ ಪದ್ಧತಿ), ಉದ್ದ 50 ಅಂದೆಯಲ್ಲ, ಅಂದರೆ 50 ಬೈಟು. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಮೂರು ಬೈಟು ಬೇಕು, ಒತ್ತಿಗೆ, ಕೊಂಬಿಗೆ ಮತ್ತೆ ಬೇರೆ ಬೈಟು. "ಮಲ್ಲಿಕಾರ್ಜುನಸ್ವಾಮಿ" ಬರೆದು ಎಣಿಸು: 18 ಗುರುತು, 54 ಬೈಟು. ಹಳೇ ಡೇಟಾಬೇಸ್ 50ಕ್ಕೆ ಕತ್ತರಿಸಿ ಸುಮ್ಮನಾಗಿದೆ. "ಸ್ವಾ"ವರೆಗೆ ಸರಿಯಾಗಿದೆ, "ಮ"ದ ಮೂರು ಬೈಟಿನಲ್ಲಿ ಎರಡೇ ಉಳಿದಿವೆ. ಆ ತುಂಡನ್ನು ಪೋಸ್ಟ್‌ಗ್ರೆಸ್ ತಿರಸ್ಕರಿಸುತ್ತಿದೆ. ಇಂಗ್ಲಿಷಿನಲ್ಲಿ ಹೆಸರು ಬರೆದ ಮಕ್ಕಳು ಸಲೀಸಾಗಿ ದಾಟಿದ್ದಾರೆ. ಕನ್ನಡದಲ್ಲಿ ಪೂರ್ತಿ ಹೆಸರು ಬರೆದವರು, ಜನ್ಮದಿನಾಂಕ ತುಂಬದೆ ಬಿಟ್ಟವರು ಆಚೆ ಉಳಿದಿದ್ದಾರೆ. ಇದು ವಿದ್ಯಾರ್ಥಿವೇತನದ ಅರ್ಜಿ ಪುಟ್ಟಾ. ಯಾವ ಊರಿನ ಮಕ್ಕಳಿರಬಹುದು ಅವರು, ನೀನೇ ಹೇಳು.

ಇನ್ನೊಂದು ಭಯ. ನಿಜವಾಗಿ ಇನ್ನೂರೇನಾ? ಒರ್‍ಯಾಕಲ್‌ನಲ್ಲಿ ಒಂದು ಇನ್ಸರ್ಟ್ ತಪ್ಪಿದರೆ ಅದೊಂದೇ ಹೋಗುತ್ತಿತ್ತು. ಪೋಸ್ಟ್‌ಗ್ರೆಸ್ ಹಾಗಲ್ಲ. ಟ್ರಾನ್ಸಾಕ್ಷನ್, ಅಂದರೆ ಒಟ್ಟಿಗೆ ಹಾಕುವ ಒಂದು ಕಂತಿನ ನಡುವೆ ಒಂದು ತಪ್ಪಿದರೆ ಇಡೀ ಟ್ರಾನ್ಸಾಕ್ಷನ್ ಕೆಟ್ಟಿತು ಅಂತಲೇ ಲೆಕ್ಕ. ನೀನು ಎರರ್ ಹಿಡಿದು ಬಾಯಿ ಮುಚ್ಚಿಸಿ ಕೊನೆಗೆ ಕಮಿಟ್ (ಉಳಿಸಿಬಿಡು) ಅಂದರೂ ಅದು ಹಾಕಿದ್ದನ್ನೆಲ್ಲ ವಾಪಸ್ ತೆಗೆದು ರೋಲ್‌ಬ್ಯಾಕ್ ಮಾಡುತ್ತದೆ, ಅದಕ್ಕೆ ಎರರ್ ಕೂಡ ಕೊಡುವುದಿಲ್ಲ. ಸಾವಿರ ಸಾವಿರದ ಕಂತಿನಲ್ಲಿ ಹಾಕಿದ್ದರೆ, ತಪ್ಪಿದ ಸಾಲಿಗಿಂತ ಮುಂಚೆ ಚೆನ್ನಾಗಿಯೇ ಹೋದ ಸಾಲುಗಳು ನಿನ್ನ ಎಣಿಕೆಗೂ ಸಿಗದೆ ಮಾಯವಾಗಿರುತ್ತವೆ. ಒಂದೊಂದು ಸಾಲಿಗೂ, ತಪ್ಪಿದರೆ ಅಲ್ಲಿಗಷ್ಟೇ ಹಿಂದಿರುಗುವ ಸೇವ್‌ಪಾಯಿಂಟ್ ಇಟ್ಟಿದ್ದರೆ ಸರಿ. ಇಟ್ಟಿದ್ದೀಯಾ? ಪತ್ರದಲ್ಲಿ ಅದನ್ನು ಬರೆದಿಲ್ಲ ನೀನು. ಹಳೇ ಕಡೆ ಎಷ್ಟು ಸಾಲು, ಹೊಸ ಕಡೆ ಎಷ್ಟು ಸಾಲು, ಟೇಬಲ್ ಟೇಬಲ್‌ಗೂ ಎಣಿಸಿಬಿಡು ಮೊದಲು.

ನಿನ್ನ ಕೆಲಸ ನಿನಗೆ ನನಗಿಂತ ಚೆನ್ನಾಗಿ ಗೊತ್ತು, ನಾನು ಬಿಟ್ಟು ಎಷ್ಟೋ ವರ್ಷ ಆಯಿತು. ಆದರೂ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಸೊನ್ನೆ ದಿನಾಂಕಕ್ಕೆ 1900ನೇ ಇಸವಿಯೋ ಇನ್ನೊಂದೋ ತುಂಬಿ ತೇಪೆ ಹಾಕಬೇಡ, ವಯಸ್ಸಿನ ಮಿತಿ ನೋಡುವ ಜಾಗದಲ್ಲಿ ಆ ಮಗುವಿನ ಅರ್ಜಿ ಬಿದ್ದುಹೋಗುತ್ತದೆ. ನಲ್, ಅಂದರೆ ಖಾಲಿ, ಅಂತಲೇ ಇಡು. ಕತ್ತರಿಸಿದ ಹೆಸರು ಡೇಟಾಬೇಸಿನಲ್ಲಿ ಇನ್ನು ಸಿಗುವುದಿಲ್ಲ, ಮೂಲ ಅರ್ಜಿಯ ಸ್ಕ್ಯಾನ್ ಇದ್ದರೆ ಅದರಿಂದ ಟೈಪ್ ಮಾಡಬೇಕು. ದಾಟಿಹೋದ ಕನ್ನಡ ಹೆಸರುಗಳನ್ನೂ ಒಮ್ಮೆ ತೆರೆದು ನೋಡು. ತಲೆ ಮೇಲೆ ಗೆರೆ ಇರುವ ಇಂಗ್ಲಿಷ್ ಎ, ಪಕ್ಕದಲ್ಲಿ ಪುಟಾಣಿ ಎರಡೋ ಮೂರೋ, ಹೀಗೇ ಸಾಲಾಗಿ ಕಂಡರೆ ಅದು ಕನ್ನಡವೇ, ತಪ್ಪಾಗಿ ಓದಿಕೊಂಡು ಬಂದಿದೆ. ಆಮೇಲೆ ಹೊಸ ಸಾಲಿಗೆ ನಂಬರು ಕೊಡುವ ಐಡಿಯ ಸೀಕ್ವೆನ್ಸನ್ನು ಕೊನೆಯ ನಂಬರಿಗೆ ತಂದಿಡು, ಇಲ್ಲದಿದ್ದರೆ ಹೊಸ ಅರ್ಜಿ ಹಾಕಿದವರಿಗೆಲ್ಲ ಡೂಪ್ಲಿಕೇಟ್ ಕೀ ಅಂತ ಬರುತ್ತದೆ. ಇದು ಸಣ್ಣದು, ನಿನಗೆ ತಿಳಿದೇ ಇರುತ್ತದೆ.

ಅಜ್ಜಿಯ ಬಾಕಿ ಹಣ ಆಮೇಲೆ ಹೋಯಿತು. ಉಳಿದವರದ್ದನ್ನೂ ಸಂಜೆ ಎಲ್ಲರೂ ಹೋದ ಮೇಲೆ ಕೂತು ಒಂದೊಂದಾಗಿ ಸೇರಿಸಿದೆ. ಆದರೆ ತಪ್ಪು ನನ್ನದು ಅಂತ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಆ ಗುಮಾಸ್ತರಿಗೆ ಮೆಮೊ ಬಂತು, ಅರ್ಜಿದಾರರನ್ನು ಅಲೆಸಿದರು ಅಂತ. ನನ್ನ ಮೇಜಿನ ಎದುರಿನಲ್ಲೇ ನಿಂತು ಅದಕ್ಕೆ ಸಹಿ ಹಾಕಿ ತೆಗೆದುಕೊಂಡರು. ನಾನು ತಲೆ ಎತ್ತಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದಾಗಲೂ ಹೇಳಬೇಕು ಅನ್ನಿಸಿದ್ದು ಅದೇ.

ಮ್ಯಾನೇಜರಿಗೆ ಹೇಳಿದರೆ ಕೆಲಸಕ್ಕೆ ಕುತ್ತು ಬರಬಹುದು ಅಂತ ನಿನಗೆ ಅಂಜಿಕೆ. ಬರುವುದಿಲ್ಲ ಅಂತ ನಾನು ಹೇಗೆ ಹೇಳಲಿ. ಹಳೇ ಡೇಟಾಬೇಸ್ ಇನ್ನೂ ಅಳಿಸಿಲ್ಲ ಅಂದೆಯಲ್ಲ, ಅದು ಇರುವಾಗಲೇ ಹೇಳಿಬಿಡು. ಅದಕ್ಕೂ ಮುಂಚೆ ಆ ಇನ್ನೂರು ಚಿಲ್ಲರೆಯನ್ನು ಪ್ರಿಂಟ್ ತೆಗೆದುಕೋ. ಬುಧವಾರ ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ, ಫೋನ್ ಮಾಡು, ಎಚ್ಚರವಿರುತ್ತೇನೆ. ನೀನು ಒಂದೊಂದೇ ಹೆಸರು ಓದು, ನಾನು ಇಲ್ಲಿ ಬರೆದುಕೊಳ್ಳುತ್ತೇನೆ.

ನಿನ್ನ
ದೊಡ್ಡಮ್ಮ