ಬೇಸ್‌ಮೆಂಟ್ ಗೋಡೆಯ ಗ್ರೌಟಿಂಗ್ ಕೆಲಸದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ವಾಟರ್‌ಪ್ರೂಫಿಂಗ್ ಕಂಪನಿ, ಬೆಂಗಳೂರು

ವಿಷಯ: ಪಿಯು ಗ್ರೌಟಿಂಗ್ ಮಾಡಿದ ಮೇಲೂ ರಿಟೇನಿಂಗ್ ವಾಲ್ (ಮಣ್ಣು ತಡೆಯುವ ಬೇಸ್‌ಮೆಂಟ್ ಗೋಡೆ) ಸೋರುತ್ತಿರುವುದು

ಮಾನ್ಯರೇ,

ಬೇಸಿಗೆಯಲ್ಲಿ ನಿಮ್ಮವರು ಗ್ರೌಟಿಂಗ್ ಮಾಡಿಹೋದ, ಅಂದರೆ ಪಿಯು (ಪಾಲಿಯುರೆಥೇನ್) ರೆಸಿನ್ ಎಂಬ ಗಟ್ಟಿಯಾಗುವ ದ್ರವವನ್ನು ಪಂಪಿನಿಂದ ತುಂಬಿಹೋದ ಬಿರುಕುಗಳು ಮಳೆ ಹಿಡಿದೊಡನೆ ಮತ್ತೆ ಒಸರತೊಡಗಿವೆ. ರಾಫ್ಟ್ (ತಳಪಾಯದ ಕಾಂಕ್ರೀಟ್ ಚಪ್ಪಡಿ) ಮತ್ತು ಗೋಡೆ ಸೇರುವ ಜಾಯಿಂಟ್‌ನಿಂದಂತೂ ನೀರು ಪಾರ್ಕಿಂಗ್‌ಗೆ ಹರಿದುಬರುತ್ತಿದೆ. ಅಂತರ್ಜಲ ಏರಿದ್ದೇ ಕಾರಣ ಎನ್ನುತ್ತಾರೆ ನಿಮ್ಮ ಸೂಪರ್‌ವೈಸರ್. ಅದು ಏರಿದಾಗ ತಡೆಯಲೆಂದೇ ಸಂಘ ಈ ಕೆಲಸ ಕೊಟ್ಟದ್ದು.

ರೆಸಿನ್ ತುಂಬಲು ತೂತು ಕೊರೆದ ರೀತಿಯೇ ತಪ್ಪು. ಗೋಡೆ 300 ಮಿ.ಮೀ. ದಪ್ಪ. ಬಿರುಕಿನಿಂದ 150 ಮಿ.ಮೀ. ಪಕ್ಕಕ್ಕೆ ಸರಿದು 45 ಡಿಗ್ರಿ ಓರೆಯಾಗಿ ಕೊರೆದರೆ ತೂತು ಗೋಡೆಯ ನಡುಭಾಗದಲ್ಲಿ ಬಿರುಕನ್ನು ಮುಟ್ಟುತ್ತದೆ. ಅದಕ್ಕೆ 210 ಮಿ.ಮೀ.ಗಿಂತ ಹೆಚ್ಚು ಕೊರೆಯಬೇಕು, ಒಂದು ಎಡದಿಂದ, ಮುಂದಿನದು ಬಲದಿಂದ. ನಿಮ್ಮವರು ಬಿರುಕಿನ ಮೇಲೆಯೇ ನೇರ ಕೊರೆದಿದ್ದಾರೆ. ಪ್ಯಾಕರ್ (ರೆಸಿನ್ ಪಂಪ್ ಮಾಡಲು ತೂತಿಗೆ ಸಿಕ್ಕಿಸುವ ನಳಿಕೆ) ಕಳಚಿದ ಒಂದು ತೂತಿಗೆ ಕಂಬಿ ಇಳಿಸಿ ಅಳೆದರೆ ಆಳ ಬರೀ 60 ಮಿ.ಮೀ. ರೆಸಿನ್ ಮೇಲ್ಪದರದಲ್ಲೇ ಉಳಿದಿದೆ, ಹಿಂದಿನ ನೀರು ಗೋಡೆಯೊಳಗಿನ ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿಸುತ್ತಲೇ ಇದೆ. ಪ್ಯಾಕರ್‌ಗಳ ನಡುವೆ ಅರ್ಧ ಮೀಟರ್ ಅಂತರವಿದೆ. ಇಷ್ಟು ಸಣ್ಣ ಬಿರುಕಿಗೆ 150ರಿಂದ 200 ಮಿ.ಮೀ. ಇರಬೇಕಿತ್ತು. ತೂತಿನ ಪುಡಿಯನ್ನೂ ತೊಳೆದಿಲ್ಲ. ಆ ಪುಡಿ ಕೆಸರಾಗಿ ಬಿರುಕಿನ ಬಾಯಿ ಕಟ್ಟಿದರೆ ಪಂಪಿನ ಒತ್ತಡ ಏರುತ್ತದೆ, ರೆಸಿನ್ ಮಾತ್ರ ಒಳಹೋಗುವುದಿಲ್ಲ. ಒತ್ತಡ ಏರಿದ್ದನ್ನೇ ಬಿರುಕು ತುಂಬಿತೆಂದು ತಿಳಿಯುವುದು ಈ ಕೆಲಸದಲ್ಲಿ ಬಹಳ ಕಡೆ ನಡೆಯುವ ಎಡವಟ್ಟು.

ಇನ್ನೊಂದು: ಸೈಟಿನಲ್ಲಿ ಉಳಿದ ಖಾಲಿ ಡಬ್ಬಗಳೆಲ್ಲ ನೀರು ತಾಕಿದರೆ ನೊರೆಯಂತೆ ಉಬ್ಬುವ ಫೋಮ್ ರೆಸಿನ್ ಮತ್ತು ಅದನ್ನು ಬೇಗ ಗಟ್ಟಿಯಾಗಿಸುವ ಕ್ಯಾಟಲಿಸ್ಟ್‌ನವು. ಫೋಮ್ ಹರಿಯುವ ನೀರನ್ನು ತಕ್ಷಣಕ್ಕೆ ನಿಲ್ಲಿಸುತ್ತದೆ, ಅಷ್ಟೇ. ಶಾಶ್ವತವಾಗಿ ಮುಚ್ಚಲು ಎರಡು ಭಾಗ ಬೆರೆಸಿದ, ರಬ್ಬರಿನಂತೆ ಎಳೆತ ತಾಳುವ ರೆಸಿನ್ ಆಮೇಲೆ ಹೋಗಬೇಕು. ಬಿಲ್ಲಿನಲ್ಲಿ ಎರಡಕ್ಕೂ ದರ ಹಾಕಿದ್ದೀರಿ. ಮೇಲೆ ಸಿಮೆಂಟ್ ಕೋಟಿಂಗ್ ಬಳಿದದ್ದರಿಂದ ಮಳೆಯವರೆಗೆ ಯಾವುದೂ ಕಾಣಲಿಲ್ಲ.

ಈ ಕೆಲಸವನ್ನು ನಮಗೆ ಖರ್ಚಿಲ್ಲದೆ ಮತ್ತೆ ಮಾಡಿಕೊಡಬೇಕು. ಮೊದಲು ಕೋಟಿಂಗ್ ಕೆತ್ತಿ ತೆಗೆಯಿರಿ. ಸರಳುಗಳ ಜಾಗವನ್ನು, ಕಾಂಕ್ರೀಟಿನೊಳಗಿನ ಕಬ್ಬಿಣ ಪತ್ತೆಹಚ್ಚುವ ಕವರ್ ಮೀಟರ್‌ನಲ್ಲಿ ಗುರುತಿಸಿ ಹೊಸದಾಗಿ ಕೊರೆಯಿರಿ, ತೂತುಗಳನ್ನು ತೊಳೆಯಿರಿ. ಕೆಳಗಿನ ಪ್ಯಾಕರ್‌ನಿಂದ ಶುರುಮಾಡಿ, ಮೇಲಿನದರಲ್ಲಿ ರೆಸಿನ್ ಹೊರಬಂದ ಮೇಲಷ್ಟೇ ಅದಕ್ಕೆ ಹೋಗಬೇಕು. ಯಾವ ಪ್ಯಾಕರ್‌ಗೆ ಎಷ್ಟು ರೆಸಿನ್ ಹೋಯಿತೆಂದು ಬರೆದಿಡಬೇಕು. ಕೊನೆಗೆ ಎರಡು ಕಡೆ 50 ಮಿ.ಮೀ. ವ್ಯಾಸದ ಕೋರ್ (ಕೊಳವೆಯಾಕಾರದ ಕಾಂಕ್ರೀಟ್ ತುಂಡು) ಕೊರೆದು ತೆಗೆದು, ರೆಸಿನ್ ಒಳಗೆ ತುಂಬಿರುವುದನ್ನು ನಮ್ಮೆದುರು ತೋರಿಸಬೇಕು.

ಅಲ್ಲಿಯವರೆಗೆ ಬಾಕಿ ಹಣ ಬಿಡುಗಡೆಯಾಗುವುದಿಲ್ಲ. 15 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇವೆ.

ಇಂತಿ,
ಕಾರ್ಯದರ್ಶಿ,
ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘ